ಕಾದು ಆಡುವವನ ಕೈಗೆ ಟೆಕ್ಕನ್ 8

ಸರಸ್ವತಿಪುರಂನ ಒಂದು ಪುಟ್ಟ ವಿಡಿಯೊ ಗೇಮ್ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಇಬ್ಬರು ಎದುರುಬದುರಾಗಿ ಹೊಡೆದಾಡುವ ಟೆಕ್ಕನ್ 3 ಆಡುತ್ತಿದ್ದ ಮೈಸೂರಿನ ಹುಡುಗರಲ್ಲಿ ನಾನೂ ಒಬ್ಬ. ಅಲ್ಲಿ ಹೆಚ್ಚಿನವರು ಎಡ್ಡಿ ಎಂಬ ಪಾತ್ರವನ್ನು ಆರಿಸಿಕೊಂಡು ಒದೆಯುವ ಬಟನ್‌ಗಳನ್ನು ಎಡೆಬಿಡದೆ ಒತ್ತುತ್ತಿದ್ದರು. ನಾನು ಜಿನ್ ಕಜಾಮಾನನ್ನು ಹಿಡಿದುಕೊಂಡು, ಬ್ಲಾಕ್ ಮಾಡುತ್ತಾ, ಎದುರಾಳಿಯ ಏಟು ಗಾಳಿಗೆ ಹೋಗುವವರೆಗೂ ಕಾದು, ಆಗ ಮಾತ್ರ ಕೈ ಎತ್ತುತ್ತಿದ್ದೆ. ದೊಡ್ಡಕೆರೆ ಮೈದಾನದ ಪಕ್ಕದ ಅಖಾಡದಲ್ಲಿ ದಸರಾ ಕುಸ್ತಿ ತೋರಿಸುವಾಗ ನಮ್ಮ ತಾತ, ಪಟ್ಟು ಹಾಕುವವನನ್ನು ಎಲ್ಲರೂ ನೋಡುತ್ತಾರೆ, ನೀನು ಪಟ್ಟು ಬಿಡಿಸಿಕೊಳ್ಳುವವನ ಕಾಲು ನೋಡು ಎನ್ನುತ್ತಿದ್ದರು. ನನ್ನ ಆಟದ ರೀತಿ ಅಲ್ಲಿಂದಲೇ ಬಂದಿತೆಂದು ನಾನು ನಂಬಿದ್ದೇನೆ.

2017ರಲ್ಲಿ ಪಿಎಸ್4 (ಪ್ಲೇಸ್ಟೇಷನ್ 4) ಕನ್ಸೋಲಿಗೆ ಬಂದ ಟೆಕ್ಕನ್ 7 ಈ ರೀತಿಗೆ ಹೇಳಿ ಮಾಡಿಸಿದಂತಿತ್ತು. ಹಿಂದಕ್ಕೆ ಸರಿಯುವುದು, ಏಟು ತಪ್ಪಿಸುವುದು, ತಪ್ಪಿದವನಿಗೆ ಶಿಕ್ಷೆ ಕೊಡುವುದು, ಇಷ್ಟನ್ನು ಚೆನ್ನಾಗಿ ಕಲಿತವನು ಅದರಲ್ಲಿ ಬಹಳ ದೂರ ಹೋಗಬಹುದಿತ್ತು. ಲಾಹೋರಿನ ಟೆಕ್ಕನ್ ಆಟಗಾರ ಅರ್ಸಲಾನ್ ಆಶ್ 2019ರಲ್ಲಿ ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿಗಳಾದ ಎವೊ ಜಪಾನ್ ಮತ್ತು ಲಾಸ್ ವೇಗಸ್‌ನ ಎವೊ ಎರಡನ್ನೂ ಗೆದ್ದಾಗ, ಅವರು ದೂರವನ್ನು ಅಳೆಯುವ ಬಗೆಯನ್ನು ಕಲಿಯಲೆಂದೇ ನಾನು ಆ ಪಂದ್ಯಗಳನ್ನು ಮತ್ತೆ ಮತ್ತೆ ನೋಡಿದೆ.

ಟೆಕ್ಕನ್ 8 ಬಿಡುಗಡೆಯಾದದ್ದು 2024ರ ಜನವರಿ 26ರಂದು. ಅದು ಪಿಎಸ್4ಗೆ ಬರಲಿಲ್ಲವಾದ್ದರಿಂದ ಹೊಸ ಕನ್ಸೋಲಿಗೆ ಹಣ ಕೂಡಿಸಿಕೊಂಡು ಕೆಲವು ತಿಂಗಳ ನಂತರ ಆರಂಭಿಸಿದೆ. ಮೊದಲ ವಾರ ನಾನು ಸೋತ ಬಗೆ ನನಗೇ ಅರ್ಥವಾಗಲಿಲ್ಲ. ಸರಿಯಾಗಿ ಬ್ಲಾಕ್ ಮಾಡಿದ್ದರೂ ಲೈಫ್ ಇಳಿಯುತ್ತಿತ್ತು. ಹಿಂದಕ್ಕೆ ಸರಿದರೆ ಎದುರಾಳಿ ಒಂದೇ ನೆಗೆತಕ್ಕೆ ಮೈಮೇಲೆ ಬಂದಿರುತ್ತಿದ್ದ.

ಇದಕ್ಕೆ ಕಾರಣ ಹೀಟ್ ಎಂಬ ಹೊಸ ವ್ಯವಸ್ಥೆ. ಪ್ರತಿ ರೌಂಡಿನಲ್ಲಿ ಒಮ್ಮೆ, ಆರಂಭದ ಕ್ಷಣದಿಂದಲೇ, ಯಾರು ಬೇಕಾದರೂ ಹೀಟ್ ಹಚ್ಚಿಕೊಳ್ಳಬಹುದು. ಅದು ಸುಮಾರು 10 ಸೆಕೆಂಡು ಇರುತ್ತದೆ. ಆ ಹೊತ್ತಿನಲ್ಲಿ ಬ್ಲಾಕ್ ಮಾಡಿದ ಏಟೂ ಸ್ವಲ್ಪ ಲೈಫನ್ನು ಕೆರೆದುಕೊಂಡು ಹೋಗುತ್ತದೆ, ಮತ್ತು ಮುಂದಕ್ಕೆ ನುಗ್ಗುವ ಹೀಟ್ ಡ್ಯಾಶ್ ಅನ್ನು ಬ್ಲಾಕ್ ಮಾಡಿದರೂ ಮುಂದಿನ ಹೊಡೆತದ ಸರದಿ ನುಗ್ಗಿದವನದೇ ಆಗಿರುತ್ತದೆ. ಹೀಗೆ ಕೆರೆದುಹೋದ ಲೈಫನ್ನು ಹಿಂದಕ್ಕೆ ಪಡೆಯಲು ಇರುವ ದಾರಿ ಒಂದೇ: ನಾವೂ ತಿರುಗಿ ಹೊಡೆಯಬೇಕು. ಅಂದರೆ, ಕಾಯುವವನನ್ನು ಮುಂದಕ್ಕೆ ಎಳೆಯಬೇಕೆಂಬ ಉದ್ದೇಶದಿಂದಲೇ ಆಟವನ್ನು ಕಟ್ಟಿದ್ದಾರೆ.

ಕೈಬಿಡುವ ಮೊದಲು ಒಂದು ತಿಂಗಳು ಕ್ರಮವಾಗಿ ಕಲಿಯೋಣವೆಂದು ಕುಳಿತೆ. ಈ ಆಟದ ದೊಡ್ಡ ಗುಣ ನನಗೆ ಕಂಡದ್ದು ಆಗಲೇ. ನಾವು ಆಡಿದ ಪಂದ್ಯವನ್ನು ಮತ್ತೆ ಹಾಕಿ ನೋಡುವಾಗ, ಯಾವ ಏಟಿಗೆ ಯಾವ ಶಿಕ್ಷೆ ಕೊಡಬಹುದಿತ್ತೆಂದು ಅದೇ ತೋರಿಸುತ್ತದೆ. ಬೇಕಾದ ಕಡೆ ನಿಲ್ಲಿಸಿ, ಅದೇ ಕ್ಷಣದಿಂದ ನಾವೇ ಆಡಿಯೂ ನೋಡಬಹುದು. ಟೆಕ್ಕನ್ 7ರಲ್ಲಿ ಇದನ್ನು ಕಲಿಯಲು ನಾನು ಅಭ್ಯಾಸದ ಕೋಣೆಯಲ್ಲಿ ಎದುರಾಳಿಯ ಏಟುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಟ್ಟುಕೊಂಡು ಎಷ್ಟೋ ರಾತ್ರಿಗಳನ್ನು ಕಳೆದಿದ್ದೆ. ಈಗ ಸೋತ ಪಂದ್ಯವೇ ಪಾಠವಾಗಿ ಎದುರಿಗೆ ಇರುತ್ತದೆ. ಸೆಕೆಂಡಿಗೆ 60 ಫ್ರೇಮ್‌ನಂತೆ ಓಡುವ ಆಟದಲ್ಲಿ ತಾಗಲು 10 ಫ್ರೇಮ್ ಹಿಡಿಯುವ ಜ್ಯಾಬ್ (ಚುಟುಕು ಗುದ್ದು) ಎಂದರೆ ಸೆಕೆಂಡಿನ ಆರನೇ ಒಂದು ಭಾಗ. ಅಷ್ಟು ಸಣ್ಣ ಸಂದಿಯನ್ನು ಕಣ್ಣಿಗಿಂತ ಮೊದಲು ಕೈ ಗುರುತಿಸಬೇಕು. ಅದಕ್ಕಾಗಿ ದಿನಕ್ಕೆ ಒಬ್ಬನೇ ಎದುರಾಳಿಯನ್ನು ಆರಿಸಿಕೊಂಡು, ಅವನ ಯಾವ ಏಟಿಗೆ ಜ್ಯಾಬ್ ಸಾಕು, ಯಾವುದಕ್ಕೆ ಮೇಲಕ್ಕೆ ಎತ್ತಿ ಕಾಂಬೊ (ಸಾಲು ಏಟುಗಳು) ಹಾಕಬಹುದು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನನ್ನದೇ ಪಂದ್ಯಗಳನ್ನು ಹೀಗೆ ನೋಡಿದಾಗ ನಿಜವಾದ ತಪ್ಪು ಸಿಕ್ಕಿತು. ಸೋತ ರೌಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ನನ್ನ ಹೀಟ್ ಖರ್ಚೇ ಆಗಿರಲಿಲ್ಲ. ಲೈಫ್ ಕಡಿಮೆಯಾದ ಮೇಲಷ್ಟೇ ಸಿಗುವ ದೊಡ್ಡ ಏಟಾದ ರೇಜ್ ಆರ್ಟ್‌ನಂತೆ ಇದನ್ನೂ ಕಡೆಗಾಲಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದೆ. ಅಂದಿನಿಂದ, ಮೊದಲು ಸಿಕ್ಕ ಒಳ್ಳೆಯ ಅವಕಾಶಕ್ಕೇ ಹೀಟ್ ಹಚ್ಚಿ, ಎದುರಾಳಿಯನ್ನು ಗೋಡೆಯ ಕಡೆಗೆ ಒತ್ತಿ, ಆಮೇಲೆ ನನ್ನ ಹಳೆಯ ಕಾಯುವ ಆಟಕ್ಕೆ ಮರಳುವುದನ್ನು ರೂಢಿಸಿಕೊಂಡೆ. ಗೆಲುವುಗಳು ನಿಧಾನವಾಗಿ ಬರತೊಡಗಿದವು.

ನಮ್ಮ ಆಟವನ್ನು ನೋಡಿ ಕಲಿತು ನಮ್ಮಂತೆಯೇ ಆಡುವ ಘೋಸ್ಟ್ ಈ ಆಟದ ಇನ್ನೊಂದು ಸೊಗಸು. ನನ್ನ ಘೋಸ್ಟಿನ ಎದುರು ಕುಳಿತಾಗ, ಗೋಡೆಗೆ ಒರಗಿದೊಡನೆ ನಾನು ಪ್ರತಿ ಸಲವೂ ನನ್ನ ಪಾತ್ರವನ್ನು ಕೂರಿಸಿಬಿಡುತ್ತೇನೆಂಬುದು ತಿಳಿಯಿತು. ಇಷ್ಟು ವರ್ಷ ಜೊತೆಗೆ ಆಡಿದ ಗೆಳೆಯರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಅಣ್ಣನ ಮಗನಿಗಂತೂ ಸ್ಪೆಷಲ್ ಸ್ಟೈಲ್ ಬಹಳ ಹಿಡಿಸಿತು; ಪಂದ್ಯದ ನಡುವೆಯೇ ಕಂಟ್ರೋಲರಿನ ಎಲ್1 ಬಟನ್ ಒತ್ತಿದರೆ ಒಂದೊಂದು ಬಟನ್ನಿಗೆ ಒಂದೊಂದು ಕಾಂಬೊ ಬರುತ್ತದೆ. ಅವನು ಎರಡನೆಯ ದಿನವೇ ನನ್ನಿಂದ ಒಂದು ರೌಂಡ್ ಗೆದ್ದು, "ಚಿಕ್ಕಪ್ಪ, ನೀವು ಯಾಕೆ ಸುಮ್ಮನೆ ನಿಂತಿರುತ್ತೀರಿ?" ಎಂದು ಕೇಳಿದ. ಹೊಸಬರನ್ನು ಹೀಗೆ ಕೈಹಿಡಿದು ಕರೆದುಕೊಳ್ಳುವ ಗುಣ ಟೆಕ್ಕನ್ 7ಕ್ಕೆ ಇರಲಿಲ್ಲ.

ಇಷ್ಟಾದರೂ ನನ್ನ ತಕರಾರು ಹೋಗಿಲ್ಲ. ಹೀಟ್ ಹಚ್ಚಿಕೊಂಡವನ ಎದುರು ನಿಂತಾಗ ಅನೇಕ ಸಲ ನಮ್ಮ ಪಾಲಿಗೆ ಉಳಿಯುವುದು ಏಟು ಬರುವುದು ಮೇಲೋ ಕೆಳಗೋ ಎಂಬ ಊಹೆ ಮಾತ್ರ. ಓದಿ, ಅಳೆದು, ತಪ್ಪಿಸಿಕೊಂಡು ಗೆಲ್ಲುವ ಸಂತೋಷ ಅಲ್ಲಿ ಸಿಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಆಟದ ಎರಡನೆಯ ಸೀಸನ್, ಅಂದರೆ ದೊಡ್ಡ ಅಪ್‌ಡೇಟ್, ಬಂದಾಗ ಈ ದೋಷ ಕಡಿಮೆಯಾಗುತ್ತದೆಂದು ಕಾದಿದ್ದೆವು, ಆದರೆ ಆಕ್ರಮಣದ ಬಲವೇ ಇನ್ನಷ್ಟು ಹೆಚ್ಚಿತು. ಆಟಗಾರರ ಅಸಮಾಧಾನ ಜೋರಾದ ಮೇಲೆ ತಿದ್ದುಪಡಿಗಳು ಬಂದವು. ನಮ್ಮ ಅಂಗಡಿಯ ದಿನಗಳ ಎಡ್ಡಿ ಟೆಕ್ಕನ್ 8ರ ಮೊದಲ ಪಟ್ಟಿಯ 32 ಪಾತ್ರಗಳಲ್ಲಿ ಇರಲಿಲ್ಲ, 2024ರ ಏಪ್ರಿಲ್‌ನಲ್ಲಿ ಬೇರೆಯಾಗಿ ದುಡ್ಡು ಕೊಟ್ಟು ಕೊಳ್ಳಬೇಕಾಯಿತು ಎಂಬುದೂ ಮನಸ್ಸಿಗೆ ಸ್ವಲ್ಪ ನೋವು ಕೊಟ್ಟ ಸಂಗತಿ.

ಅರ್ಸಲಾನ್ ಆಶ್ 2024ರಲ್ಲಿ ಇದೇ ಆಟದಲ್ಲಿಯೂ ಎವೊ ಗೆದ್ದರು ಎಂಬುದನ್ನು ನಾನು ಮರೆತಿಲ್ಲ. ತಾಳ್ಮೆಗೆ ಇಲ್ಲಿ ಜಾಗವೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಈ ತಿಂಗಳು ನಾನು ಅಭ್ಯಾಸ ಮಾಡುತ್ತಿರುವುದು ಕುಸ್ತಿಪಟು ಪಾತ್ರವಾದ ಕಿಂಗ್‌ನ ಹಿಡಿತಗಳನ್ನು ಬಿಡಿಸಿಕೊಳ್ಳುವುದನ್ನು: ಯಾವ ಕೈ ಮುಂದೆ ಚಾಚುತ್ತದೆ ಎಂದು ನೋಡಿ, ಅದಕ್ಕೆ ತಕ್ಕ ಬಟನ್ ಒತ್ತಬೇಕು. ಹತ್ತರಲ್ಲಿ ಆರು ಸಲ ಬಿಡಿಸಿಕೊಳ್ಳುತ್ತೇನೆ. ಎರಡೂ ಕೈ ಒಟ್ಟಿಗೆ ಬಂದಾಗ ಈಗಲೂ ನೆಲ ಕಚ್ಚುತ್ತೇನೆ.