ತಳಿ ನೋಡಿ ತಂದ ನಾಯಿಗೆ ಬೀದಿಯ ಶಿಸ್ತು

ಲ್ಯಾಬ್ರಡಾರ್ ಸ್ನೇಹಜೀವಿ, ನಿಜ. ಕಂಡವರ ಮೇಲೆಲ್ಲ ಹಾರುವುದೂ ಆ ಸ್ನೇಹವೇ. ತಳಿ ಒಲವನ್ನಷ್ಟೇ ಸೂಚಿಸುತ್ತದೆ: ಬೀಗಲ್ ವಾಸನೆಯ ಬೆನ್ನು ಹತ್ತುತ್ತದೆ, ಬಾರ್ಡರ್ ಕಾಲಿ ತಳಿಗೆ ಓಡುವ ಸೈಕಲ್ ಅಟ್ಟುವ ಆಸೆ. ನಡತೆಯನ್ನು ನೀವೇ ಕಲಿಸಬೇಕು.

2 ಮೀಟರಿನ ಸಾದಾ ಲೀಶ್ (ನಾಯಿ ಹಿಡಿಯುವ ಪಟ್ಟಿ) ಸಾಕು. ಎಳೆದಂತೆ ಉದ್ದವಾಗುವಂಥದ್ದು ಬೇಡ, ಅದು ಎಳೆಯುವುದನ್ನೇ ಕಲಿಸುತ್ತದೆ. ಅಪರಿಚಿತರನ್ನು ಕಂಡರೂ ನಾಯಿ ತಿಂಡಿ ತಿನ್ನುವಷ್ಟು ದೂರದಲ್ಲಿ ನಿಲ್ಲಿ. ತಿಂಡಿಯನ್ನು ಮೂಸಿಯೂ ನೋಡದಿದ್ದರೆ ತೀರಾ ಹತ್ತಿರವಾಯಿತು, ಹಿಂದೆ ಸರಿಯಿರಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗಲೇ ಬಟಾಣಿ ಗಾತ್ರದ ತುಣುಕು ಕೊಡಿ. ಒಂದು ಸಲಕ್ಕೆ 5 ನಿಮಿಷ, ದಿನಕ್ಕೆರಡು ಸಲ.

ಹಾರಿದಾಗ ತಳ್ಳಬೇಡಿ, ಅದಕ್ಕದು ಆಟ. ಗುರುಗುಟ್ಟಿದರೆ ಖಂಡಿತ ಗದರಬೇಡಿ, ದೂರ ಕರೆದೊಯ್ಯಿರಿ: ಗುರುಗುಟ್ಟದಂತೆ ಬಾಯಿ ಮುಚ್ಚಿಸಿದ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚಬಹುದು.