ಇಗ್ನಿಷನ್ ಲಾಕಿನಲ್ಲಿ ಕೊಬ್ಬರಿ ಎಣ್ಣೆ

ಡಿಸೆಂಬರಿನ ಒಂದು ಬೆಳಗ್ಗೆ ಐದೂವರೆಗೆ ಫೋನ್ ಬಂತು. ನಿವೃತ್ತ ಮೇಷ್ಟ್ರು, ನನ್ನ ಹಳೇ ಗಿರಾಕಿ. "ತಮ್ಮಾ, ಕಾರಿನ ಚಾವಿ ತಿರುಗವಲ್ದಪ. ಎಂಟಕ್ಕ ಬಳ್ಳಾರಿಯೊಳಗ ನಮ್ಮ ಮನಿಯಾಕಿಗೆ ಡಯಾಲಿಸಿಸ್ ಐತಿ." ಅವರ ದನಿಯಲ್ಲಿ ಗಾಬರಿ ಇತ್ತು. "ಸರ, ನಾ ಬರೂತನಕ ಚಾವಿ ಮುಟ್ಟಬ್ಯಾಡ್ರಿ, ಜೋರು ಮಾಡಬ್ಯಾಡ್ರಿ" ಅಂದು ಬೈಕ್ ಹತ್ತಿದೆ.

ಹೊಸಪೇಟೆಯಲ್ಲಿ 23 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಇಂಜಿನ್, ಬ್ರೇಕ್, ಸಸ್ಪೆನ್ಷನ್ ಎಲ್ಲ ಮಾಡುತ್ತೇನೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನುಗಳಲ್ಲಿ ಇಗ್ನಿಷನ್ ಲಾಕಿನ ತಕರಾರು ಜಾಸ್ತಿ. ಟೈರ್ ಪಂಕ್ಚರ್ ಆದರೆ ಸ್ಟೆಪ್ನಿ ಇರುತ್ತದೆ. ಚಾವಿ ತಿರುಗದಿದ್ದರೆ ಎಲ್ಲ ಸರಿಯಿರುವ ಗಾಡಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆಗ ಮನುಷ್ಯ ಮೊದಲು ಮಾಡುವ ಕೆಲಸ ಬಲ ಹಾಕುವುದು. ಅಲ್ಲಿಂದಲೇ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ನಾನು ಹೋದಾಗ ಅಮ್ಮ ಶಾಲು ಹೊದ್ದು, ಆಸ್ಪತ್ರೆಯ ಫೈಲು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ನಾನು ಮೊದಲು ಸ್ಟೇರಿಂಗ್ ಹಿಡಿದೆ. ಅದು ಎರಡೂ ಕಡೆ ಸಲೀಸಾಗಿ ಆಡಿತು. ಅಂದರೆ ಸ್ಟೇರಿಂಗ್ ಲಾಕ್ ಬಿದ್ದಿಲ್ಲ, ತೊಂದರೆ ಅದರದ್ದಲ್ಲ. ಚಾವಿ ಹೊರಗೆ ಎಳೆದೆ. ಬಂತು, ಆದರೆ ಕೆಸರಿನಿಂದ ಕಾಲು ಕಿತ್ತ ಹಾಗೆ. ಬೆಳಕಿಗೆ ಹಿಡಿದರೆ ಹಲ್ಲಿನ ಸಂದುಗಳಲ್ಲಿ ಬೆಳ್ಳಗೆ, ನಡುವೆ ಕೆಂಪಗೆ ಏನೋ ಮೆತ್ತಿತ್ತು. ಮೂಗಿನ ಹತ್ತಿರ ತಂದೆ. ಕೊಬ್ಬರಿ ಎಣ್ಣೆ.

"ಹೋದ ತಿಂಗಳು ಸ್ವಲ್ಪ ಬಿಗಿ ಆಗಿತ್ತು, ಎರಡು ಹನಿ ಹಾಕಿದ್ದೆ. ಆಗ ಚಲೋ ಆಗಿತ್ತಲ್ಲ" ಅಂದರು ಮೇಷ್ಟ್ರು.

ಆಗ ಚೆನ್ನಾಗಿ ಆಗಿರಲೇಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮೂರ ಹಗಲಿನ ಬಿಸಿಲಲ್ಲಿ ಅದು ನೀರಿನ ಹಾಗೆ ಹರಿದು ಲಾಕಿನ ಮೂಲೆ ಮೂಲೆಗೂ ಹೋಗುತ್ತದೆ. ಚಳಿಗಾಲದ ಬೆಳಗಿನ ಜಾವ ಹೊರಗೆ ನಿಲ್ಲಿಸಿದ ಕಾರಿನಲ್ಲಿ ಶೀಷೆಯೊಳಗಿನ ಹಾಗೆಯೇ ಗಟ್ಟಿಯಾಗುತ್ತದೆ. ಬಚ್ಚಲುಮನೆಯಲ್ಲಿ ಶೀಷೆಯನ್ನು ಬಿಸಿನೀರಿನ ಪಕ್ಕ ಇಡುತ್ತೇವೆ. ಲಾಕನ್ನು ಎಲ್ಲಿ ಇಡುವುದು?

ಅಡುಗೆಮನೆಯಿಂದ ಒಂದು ಚೊಂಬು ಕುದಿಯುವ ನೀರು ಕೇಳಿದೆ. ಚಾವಿಯ ಕಪ್ಪು ತಲೆಯೊಳಗೆ ಚಿಪ್ ಇರುತ್ತದೆ, ಅದಕ್ಕೆ ನೀರು ತಾಗಬಾರದು. ತಲೆಯನ್ನು ಬಟ್ಟೆಯಲ್ಲಿ ಹಿಡಿದು ಲೋಹದ ಭಾಗವನ್ನಷ್ಟೇ ಅರ್ಧ ನಿಮಿಷ ಅದ್ದಿ, ಒರೆಸಿ ಒಣಗಿಸಿ, ಲಾಕಿಗೆ ಹಾಕಿ ಬಿಟ್ಟೆ. ಹೊರಗೆ ಎಳೆದು ಹಲ್ಲಿಗೆ ಅಂಟಿದ್ದನ್ನು ಒರೆಸಿದೆ. ಮತ್ತೆ ಅದ್ದಿದೆ. ಮೂರನೇ ಸಲಕ್ಕೆ ಚಾವಿ ಹಗುರಾಗಿ ಒಳಗೆ ಹೋಯಿತು. ಏಳನೇ ಸಲಕ್ಕೆ ತಿರುಗಿತು. ಆರೂ ಇಪ್ಪತ್ತಕ್ಕೆ ಅವರ ಕಾರು ಬಳ್ಳಾರಿ ರಸ್ತೆ ಹಿಡಿಯಿತು. "ಬಳ್ಳಾರಿಯೊಳಗ ಆಫ್ ಮಾಡಿದ ಮ್ಯಾಲ ಬಿಸಿಲಾಗ ನಿಲ್ಲಸ್ರಿ ಸರ" ಅಂತ ಮಾತ್ರ ಹೇಳಿ ಕಳಿಸಿದೆ.

ಎರಡು ದಿನ ಬಿಟ್ಟು ಲಾಕ್ ಬಿಚ್ಚಿದೆ. ಬ್ಯಾಟರಿಯ ಮೈನಸ್ ತಂತಿ ತೆಗೆದು, ಹತ್ತು ನಿಮಿಷ ಬಿಟ್ಟು, ಆಮೇಲೆಯೇ ಸ್ಟೇರಿಂಗ್ ಕೆಳಗಿನ ಕವರಿಗೆ ಕೈ ಹಾಕುತ್ತೇನೆ. ಅಲ್ಲಿ ಏರ್‌ಬ್ಯಾಗಿನ ವೈರಿಂಗ್ ಇರುತ್ತದೆ, ಅವಸರ ಮಾಡಬಾರದು. ಚಾವಿಯನ್ನು ಎಸಿಸಿ ಗುರುತಿಗೆ, ಅಂದರೆ ಇಂಜಿನ್ ಓಡದೆ ರೇಡಿಯೋ ಮಾತ್ರ ನಡೆಯುವ ಜಾಗಕ್ಕೆ ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ ತೆಳು ಕಡ್ಡಿಯಿಂದ ಪಿನ್ ಒತ್ತಿ ಹಿಡಿದರೆ, ಬ್ಯಾರೆಲ್, ಅಂದರೆ ಚಾವಿ ತೂರುವ ಉರುಳೆ, ಚಾವಿಯ ಜೊತೆಗೇ ಹೊರಗೆ ಬರುತ್ತದೆ. ಚಾವಿ ತಿರುಗುವಷ್ಟಾದರೂ ಲಾಕ್ ಸರಿಯಿರುವಾಗಲೇ ತನ್ನಿ ಅಂತ ಗಿರಾಕಿಗಳಿಗೆ ಬಡಕೊಳ್ಳುವುದು ಇದಕ್ಕೇ. ಪೂರ್ತಿ ಸಿಕ್ಕಿಕೊಂಡ ಮೇಲೆ ಈ ದಾರಿ ಮುಚ್ಚಿ, ಡ್ರಿಲ್ ಹಾಕುವ ಪರಿಸ್ಥಿತಿ ಬರುತ್ತದೆ.

ಬ್ಯಾರೆಲಿನೊಳಗೆ ಒಂದರ ಪಕ್ಕ ಒಂದು ಹಿತ್ತಾಳೆಯ ತೆಳು ತಗಡುಗಳಿರುತ್ತವೆ. ಗ್ಯಾರೇಜಿನಲ್ಲಿ ಪ್ಲೇಟು ಅಂತೀವಿ. ಪ್ರತಿಯೊಂದರ ನಡುವೆ ಚೌಕದ ಕಿಂಡಿ, ಬದಿಗೆ ಕೂದಲೆಳೆಯಂಥ ಸ್ಪ್ರಿಂಗು. ಚಾವಿ ಇಲ್ಲದಾಗ ಸ್ಪ್ರಿಂಗು ತಳ್ಳಿ ಪ್ಲೇಟುಗಳ ತುದಿ ಹೊರಗೆ ಚಾಚಿಕೊಂಡಿರುತ್ತದೆ. ಸುತ್ತಲಿನ ಗೂಡಿನ ಕಚ್ಚಿನಲ್ಲಿ ಅದು ಕೂತು ಬ್ಯಾರೆಲ್ ತಿರುಗಲು ಬಿಡುವುದಿಲ್ಲ. ಸರಿಯಾದ ಚಾವಿ ಹೋದಾಗ ಅದರ ಹಲ್ಲಿನ ಏರಿಳಿತಕ್ಕೆ ತಕ್ಕಂತೆ ಎಲ್ಲ ಪ್ಲೇಟುಗಳೂ ಒಂದೇ ಸಮ ಒಳಗೆ ಸರಿಯುತ್ತವೆ. ಒಂದೇ ಒಂದು ಪ್ಲೇಟು ಕೂದಲಿನಷ್ಟು ಹೊರಗೆ ಉಳಿದರೂ ಚಾವಿ ತಿರುಗುವುದಿಲ್ಲ. ಆ ಪ್ಲೇಟಿನ ದಪ್ಪ ಬೆರಳ ಉಗುರಿನಷ್ಟು. ಅದರ ಮೇಲೆ ನಾವು ಇಡೀ ಮುಂಗೈಯ ಬಲ ಹಾಕುತ್ತೇವೆ.

ಮೇಷ್ಟ್ರ ಲಾಕಿನ ಪ್ಲೇಟುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬಂದದ್ದು ಹಿತ್ತಾಳೆಯ ಬಣ್ಣವಲ್ಲ, ಕುಂಕುಮ ಕಲಸಿದ ಹಾಗಿನ ಕೆಂಪು. ಇದು ನಮ್ಮ ಸೀಮೆಯ ಧೂಳು. ಸಂಡೂರಿನ ಗುಡ್ಡದಿಂದ ಅದಿರಿನ ಲಾರಿಗಳು ರಾತ್ರಿ ಹಗಲು ಓಡುತ್ತಿದ್ದ ಕಾಲದಲ್ಲಿ ಈ ಊರಿನ ಗಿಡ, ಗೋಡೆ, ಒಣಹಾಕಿದ ಬಟ್ಟೆ ಎಲ್ಲ ಇದೇ ಬಣ್ಣವಾಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋದವರ ಸಂಕಟವನ್ನೂ ನೋಡಿದ್ದೇನೆ, ಲಾಕಿನೊಳಗೆ ಧೂಳು ಕಡಿಮೆಯಾದದ್ದನ್ನೂ ನೋಡಿದ್ದೇನೆ. ಕಬ್ಬಿಣದ ಅದಿರು ಹಿತ್ತಾಳೆಗಿಂತ ಗಟ್ಟಿ. ಒಣಗಿದ್ದರೆ ಉದುರಿಹೋಗುತ್ತದೆ. ಎಣ್ಣೆ ಸೇರಿದರೆ ಅರದ ಪುಡಿ ಕಲಸಿದ ಮುಲಾಮಿನ ಹಾಗಾಗಿ, ಚಾವಿ ಹಾಕಿ ತೆಗೆದಾಗಲೆಲ್ಲ ಪ್ಲೇಟನ್ನು ಸವೆಸುತ್ತ ಹೋಗುತ್ತದೆ. ಪೆಟ್ರೋಲಿನಲ್ಲಿ ತೊಳೆದು, ಏರ್ ಹೊಡೆದು, ಎಣ್ಣೆಯ ಬದಲು ಗ್ರಾಫೈಟ್ ಪುಡಿ ಹಾಕಿ ಜೋಡಿಸಿದೆ. ಗ್ರಾಫೈಟ್ ಒಣ ಪುಡಿ, ಧೂಳನ್ನು ಹಿಡಿದುಕೊಳ್ಳುವುದಿಲ್ಲ. ಅದು ಸಿಗದಿದ್ದರೆ 6ಬಿ ಪೆನ್ಸಿಲಿನ ಕಡ್ಡಿಯನ್ನು ಚಾವಿಯ ಎರಡೂ ಮೈಗೆ ಚೆನ್ನಾಗಿ ಉಜ್ಜಿ ಹತ್ತು ಸಲ ಹಾಕಿ ತೆಗೆದರೂ ನಡೆಯುತ್ತದೆ. ಪೆನ್ಸಿಲಿನಲ್ಲಿ ಇರುವುದು ಜೇಡಿಮಣ್ಣು ಸೇರಿಸಿದ ಗ್ರಾಫೈಟೇ. ಆದರೆ ಚಿಟಿಕೆಗಿಂತ ಹೆಚ್ಚು ಬೇಡ. ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ, ಲಾಕಿನ ಬೆನ್ನಿಗೇ ಸ್ವಿಚ್ ಇದೆ.

ಎಲ್ಲರ ತೊಂದರೆಯೂ ಇಷ್ಟು ದೊಡ್ಡದಲ್ಲ. ನನಗೆ ಬರುವ ಅರ್ಧಕ್ಕರ್ಧ ಫೋನುಗಳನ್ನು ಫೋನಿನಲ್ಲೇ ಮುಗಿಸುತ್ತೇನೆ. ಚಾವಿ ತೆಗೆದ ಮೇಲೆ ಸ್ಟೇರಿಂಗ್ ಸ್ವಲ್ಪ ತಿರುಗಿದರೆ ಒಂದು ಗಟ್ಟಿ ಉಕ್ಕಿನ ಗೂಟ ಸ್ಟೇರಿಂಗ್ ದಂಡದ ಕಚ್ಚಿಗೆ ಬೀಳುತ್ತದೆ. ಕಳ್ಳರಿಗಾಗಿ ಮಾಡಿದ ವ್ಯವಸ್ಥೆ. ಚಕ್ರ ಕಲ್ಲಿಗೋ ಫುಟ್‌ಪಾತಿಗೋ ಒತ್ತಿಕೊಂಡು ನಿಂತಿದ್ದರೆ ಆ ಒತ್ತಡವೆಲ್ಲ ಗೂಟದ ಮೇಲೆ ಬಂದು ಅದು ಬಿಗಿದುಕೊಳ್ಳುತ್ತದೆ. ಚಾವಿಯೊಂದರಿಂದ ಅದನ್ನು ಬಿಡಿಸಲಾಗದು. ಎಡಗೈಯಿಂದ ಸ್ಟೇರಿಂಗ್ ಅನ್ನು ಎರಡೂ ಕಡೆ ಆಡಿಸಿ ನೋಡಿ. ಒಂದು ಕಡೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ, ಇನ್ನೊಂದು ಕಡೆ ಸ್ವಲ್ಪ ಬಿಟ್ಟುಕೊಡುತ್ತದೆ. ಬಿಟ್ಟುಕೊಡುವ ಕಡೆಗೆ ಎಳೆದು ಹಿಡಿದು, ಬಲಗೈಯ ಎರಡೇ ಬೆರಳಿನಿಂದ ಚಾವಿ ತಿರುಗಿಸಿ. ಟಕ್ ಅಂತ ಬಿಡುತ್ತದೆ. ಹಂಪಿಗೆ ಬಂದ ಪ್ರವಾಸಿಗರು ಇಳಿಜಾರಿನಲ್ಲಿ ಚಕ್ರ ಕಲ್ಲಿಗೆ ಕೊಟ್ಟು ನಿಲ್ಲಿಸಿ, ವಾಪಸ್ ಬಂದು ಚಾವಿ ತಿರುಗದೆ ಕಂಗಾಲಾದದ್ದು ಎಷ್ಟು ಸಲವೋ. ಫೋನ್ ಇಡುವ ಮೊದಲೇ ಇಂಜಿನ್ ಶಬ್ದ ಕೇಳಿಸುತ್ತದೆ.

ಎರಡೇ ಬೆರಳು ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ನನಗೆ ಹತ್ತೊಂಬತ್ತು. ಒಬ್ಬರ ಕಾರಿನ ಚಾವಿ ತಿರುಗಲಿಲ್ಲ ಅಂತ ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದೆ. ಚಾವಿ ಲಾಕಿನ ಬಾಯಿಗೆ ಸರಿಯಾಗಿ ಮುರಿಯಿತು. ಅವರು ಮಗಳ ನಿಶ್ಚಿತಾರ್ಥಕ್ಕೆ ಕೊಪ್ಪಳಕ್ಕೆ ಹೊರಟಿದ್ದರು. ನನಗೆ ಒಂದು ಮಾತೂ ಅನ್ನದೆ ಬಸ್ ಸ್ಟ್ಯಾಂಡ್ ಕಡೆ ನಡೆದು ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನನ್ನ ಮೇಸ್ತ್ರಿ ಆ ದಿನ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮುರಿದ ತುಂಡು ತೆಗೆಯುವುದನ್ನು ಕಲಿಸಿದರು. "ಮದ್ಲ ಬ್ಯಾರೆಲ್ ಲಾಕ್ ಜಾಗಕ್ಕ ಬಂದೈತೇನು ನೋಡು. ಅರೆ ತಿರುಗಿದ್ರ ಪ್ಲೇಟು ಹಿಡಕೊಂಡಿರ್ತಾವ, ನೀ ಸಾಯೋತನಕ ಎಳದ್ರೂ ಬರಂಗಿಲ್ಲ." ಸ್ಕ್ರೂಡ್ರೈವರಿನ ತೆಳು ತುದಿಯಿಂದ ಬ್ಯಾರೆಲನ್ನು ನೇರ ತಂದು, ಅಕ್ಕಸಾಲಿಗರ ಗರಗಸದ ಎಳೆಯನ್ನು ಹಲ್ಲು ನಮ್ಮ ಕಡೆ ಬಗ್ಗಿರುವಂತೆ ಚಾವಿಯ ಅಂಚಿಗೆ ಸರಿಸಿ, ಸ್ವಲ್ಪ ಓರೆ ಮಾಡಿ ಕಚ್ಚಿಸಿ, ಉಸಿರು ಹಿಡಿದು ಎಳೆದರು. ತುಂಡು ಒಂದು ಅಕ್ಕಿಕಾಳಿನಷ್ಟು ಮುಂದೆ ಬಂತು. ಮತ್ತೆ ಕಚ್ಚಿಸಿದರು. ನಾಲ್ಕನೇ ಸಲಕ್ಕೆ ಇಡೀ ತುಂಡು ಅಂಗೈಗೆ ಬಂತು. ತುಂಡು ತೆಗೆಯುವಾಗ ಫೆವಿಕ್ವಿಕ್ ಥರದ ಅಂಟು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಂಟು ಪ್ಲೇಟಿಗೆ ಇಳಿದರೆ ಇಡೀ ಲಾಕ್ ಸೆಟ್ ಬದಲಿಸಬೇಕು.

ಇನ್ನು ಚಾವಿ ತಿರುಗುತ್ತದೆ, ಹೊರಗೆ ಬರುವುದಿಲ್ಲ ಅನ್ನುವವರು. ಆಟೊಮ್ಯಾಟಿಕ್ ಗಾಡಿಯಾದರೆ ಮೊದಲು ಗೇರ್ ನೋಡಿ. ಲಿವರ್ 'ಪಿ'ಗೆ, ಅಂದರೆ ಪಾರ್ಕಿಂಗ್ ಜಾಗಕ್ಕೆ, ಪೂರ್ತಿ ಹೋಗದೆ ಚಾವಿ ಬಿಡದಿರುವುದು ಅದರ ಸ್ವಭಾವ. ಕಣ್ಣಿಗೆ 'ಪಿ'ಯಲ್ಲೇ ಇದ್ದ ಹಾಗೆ ಕಂಡರೂ ಬ್ರೇಕ್ ಒತ್ತಿ ಲಿವರನ್ನು ಕೆಳಗೆ ತಂದು ಮತ್ತೆ ಮೇಲಕ್ಕೆ ಗಟ್ಟಿಯಾಗಿ ತಳ್ಳಿ. ಒಬ್ಬರ ಗಾಡಿಯಲ್ಲಿ ಲಿವರಿನ ಬುಡಕ್ಕೆ ಚೆಲ್ಲಿದ ಚಹಾದ ಸಕ್ಕರೆ ಅಂಟಾಗಿ, ಒಳಗಿನ ಸಣ್ಣ ಸ್ವಿಚ್ಚು ಒತ್ತಿಕೊಳ್ಳುತ್ತಿರಲಿಲ್ಲ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಸತ್ತರೂ ಚಾವಿ ಹೊರಗೆ ಬರುವುದಿಲ್ಲ. ಮ್ಯಾನ್ಯುಅಲ್ ಗಾಡಿಗಳಲ್ಲಿ ಎಸಿಸಿಯಿಂದ ಲಾಕಿಗೆ ತಿರುಗಿಸುವಾಗ ಚಾವಿಯನ್ನು ಒಳಕ್ಕೆ ಒತ್ತಬೇಕಾದವು ಬಹಳ ಇವೆ. ಹೊಸದಾಗಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಓಡುವ ಗಾಡಿಯಲ್ಲಿ ಕೈ ತಪ್ಪಿ ಸ್ಟೇರಿಂಗ್ ಲಾಕ್ ಬೀಳದಿರಲಿ ಅಂತ ಮಾಡಿದ ತಡೆ ಅದು. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವವರು ಈಗಲೂ ಇದ್ದಾರೆ. ಅವರಿಗೆ ನಾನು ಕೈ ಮುಗಿದು ಬೇಡ ಅನ್ನುತ್ತೇನೆ. ಇಂಜಿನ್ ನಿಂತರೆ ಬ್ರೇಕು, ಸ್ಟೇರಿಂಗು ಎರಡೂ ಭಾರವಾಗುತ್ತವೆ, ಚಾವಿ ಕೈಗೆ ಬಂದರೆ ಸ್ಟೇರಿಂಗೇ ಇರುವುದಿಲ್ಲ.

ಚಾವಿಯ ಗೊಂಚಲೂ ನನಗೆ ಚಿಂತೆಯ ವಿಷಯ. ಮನೆ, ಅಂಗಡಿ, ಬೀರು, ಬೈಕು, ಮೇಲೆ ಹಿತ್ತಾಳೆಯ ಹನುಮಪ್ಪ, ಎಲ್ಲ ಒಂದೇ ಬಳೆಯಲ್ಲಿ. ಆ ಭಾರ ಪ್ರತಿ ಕುಳಿಗೂ ಜೋತಾಡಿ ಪ್ಲೇಟನ್ನು ಒಂದೇ ಕಡೆ ಸವೆಸುತ್ತದೆ. ಅಮೆರಿಕದಲ್ಲಿ ಇದರ ಉಲ್ಟಾ ತೊಂದರೆ ಜೀವ ತೆಗೆಯಿತು. ಜನರಲ್ ಮೋಟಾರ್ಸ್ 2014ರಲ್ಲಿ ವಾಪಸ್ ಕರೆಸಿದ ಲಕ್ಷಾಂತರ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲವಾಗಿತ್ತು. ಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಚಾವಿ ಓಡುವಾಗಲೇ ಜಾರಿ ಇಂಜಿನ್ ನಿಂತು, ಏರ್‌ಬ್ಯಾಗೂ ತೆರೆಯದೆ ಹೋಗುತ್ತಿತ್ತು. ಪರಿಹಾರದ ಲೆಕ್ಕಕ್ಕೆ ಒಪ್ಪಿಕೊಂಡ ಸಾವುಗಳೇ 124. ರಿಪೇರಿ ಆಗುವ ತನಕ ಗೊಂಚಲಿನಿಂದ ಬೇರೆಲ್ಲ ತೆಗೆದು ಬರೀ ಕಾರಿನ ಚಾವಿ ಬಳಸಿ ಅಂತ ಕಂಪನಿಯೇ ಹೇಳಬೇಕಾಯಿತು. ಹನುಮಪ್ಪನನ್ನು ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿ ಅಂತ ನಾನು ಗಿರಾಕಿಗಳಿಗೆ ಹೇಳುತ್ತೇನೆ, ಬಹಳ ಮಂದಿ ಕೇಳಿದ್ದಾರೆ.

ಕೊನೆಗೆ ಮೇಷ್ಟ್ರ ಚಾವಿ. ಲಾಕ್ ತೊಳೆದು ಜೋಡಿಸಿದ ಮೇಲೂ ಅದು ಹತ್ತರಲ್ಲಿ ಎರಡು ಸಲ ತಡೆಯುತ್ತಿತ್ತು. ಇಂಜಿನ್ ಓಡುವಾಗ ಸುಮ್ಮನೆ ಎಳೆದು ನೋಡಿದೆ, ಚಾವಿ ಕೈಗೇ ಬಂತು! ಸರಿಯಿರುವ ಚಾವಿ ಆನ್ ಆಗಿದ್ದಾಗ ಬರಲೇಬಾರದು. ಹಲ್ಲು ಸವೆದು ನುಣ್ಣಗಾಗಿದ್ದವು. ಅದು ಮೂಲ ಚಾವಿಯಲ್ಲ, ಹಳೇ ಚಾವಿ ನೋಡಿ ಕೊರೆಸಿದ ಡುಪ್ಲಿಕೇಟು. ಮಷೀನು ಇದ್ದದ್ದನ್ನು ಇದ್ದ ಹಾಗೆ ಕೊರೆಯುತ್ತದೆ, ಸವೆತವನ್ನೂ ಸೇರಿಸಿ.

"ಸರ, ಕಾರು ತಗೊಂಡಾಗ ಎರಡು ಚಾವಿ ಕೊಟ್ಟಿರ್ತಾರ. ಇನ್ನೊಂದು ಎಲ್ಲೈತಿ?"

ಮೇಷ್ಟ್ರು ನೆನಪಿಲ್ಲ ಅಂದರು. ಅಮ್ಮ ಒಳಗೆ ಹೋಗಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಕೊಟ್ಟರು. ಒಳಗೆ ಒಂದು ದಿನವೂ ಬಳಸದ ಚಾವಿ, ಜೊತೆಗೆ ನಂಬರ್ ಕೆತ್ತಿದ ಸಣ್ಣ ಬಿಲ್ಲೆ. ಆ ನಂಬರಿನಿಂದ ಕೊರೆಸಿದರೆ ಕಾರ್ಖಾನೆಯಿಂದ ಬಂದ ಅಳತೆಯ ಚಾವಿಯೇ ಸಿಗುತ್ತದೆ, ಸವೆತದ ಲೆಕ್ಕವಿಲ್ಲ. ಬಿಲ್ಲೆಯ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ಲೆಯನ್ನು ಮಾತ್ರ ಕಾರಿನಲ್ಲಿ ಇಡಬೇಡಿ, ಅದು ಕಳ್ಳನ ಕೈ ಸೇರಿದರೆ ಚಾವಿ ಕೊಟ್ಟ ಹಾಗೆಯೇ ಅಂದೆ. ಹೊಸ ಚಾವಿಯನ್ನು ಲಾಕಿಗೆ ಹಾಕಿ ಅಮ್ಮನ ಕೈಯಲ್ಲೇ ತಿರುಗಿಸಿದೆ. ಡಯಾಲಿಸಿಸ್ ಸೂಜಿಯಿಂದ ಗಂಟುಗಟ್ಟಿದ ಕೈ, ಅದರಲ್ಲಿ ಹೆಚ್ಚು ಶಕ್ತಿಯಿಲ್ಲ. ಎರಡೇ ಬೆರಳಿಗೆ ಕಾರು ಸ್ಟಾರ್ಟ್ ಆಯಿತು.