ಹನ್ನೆರಡಕ್ಕೆ ತೋಪು, ಆಮೇಲೆ ಊಟ: ನೀಸ್‌ನಲ್ಲಿ ನಮ್ಮ ರಜೆ

ದಕ್ಷಿಣ ಫ್ರಾನ್ಸಿನ ಕರಾವಳಿಯ ಊರು ನೀಸ್‌ನಲ್ಲಿ ದಿನಾ ಮಧ್ಯಾಹ್ನ ಸರಿಯಾಗಿ ಹನ್ನೆರಡು ಗಂಟೆಗೆ ಕೋಟೆ ಗುಡ್ಡದ ಕಡೆಯಿಂದ ಢಮ್ ಅಂತ ಸದ್ದು ಬರುತ್ತದೆ. ಗೊತ್ತಿಲ್ಲದವರು ಬೆಚ್ಚಿ ಬೀಳುತ್ತಾರೆ. ಊರಿನವರು ಗಡಿಯಾರ ನೋಡಿಕೊಂಡು ಊಟಕ್ಕೆ ಹೊರಡುತ್ತಾರೆ. 19ನೇ ಶತಮಾನದಲ್ಲಿ ಇಲ್ಲಿ ಚಳಿಗಾಲ ಕಳೆಯಲು ಬರುತ್ತಿದ್ದ ಸ್ಕಾಟ್ಲೆಂಡಿನ ಒಬ್ಬ ಸಾಹೇಬರು ಇದನ್ನು ಶುರು ಮಾಡಿಸಿದರಂತೆ. ಅವರ ಹೆಂಡತಿ ಹೊರಗೆ ಹರಟೆಗೆ ನಿಂತರೆ ಊಟದ ಹೊತ್ತು ಮರೆಯುತ್ತಿದ್ದರು, ಅದಕ್ಕೆ ಈ ತೋಪು ಅಂತ ಊರವರು ಕಥೆ ಹೇಳುತ್ತಾರೆ. ಈಗ ತೋಪಿನ ಬದಲು ದೊಡ್ಡ ಪಟಾಕಿ ಹಾರಿಸುತ್ತಾರೆ.

ನಮ್ಮ ರಜೆಯ ವೇಳಾಪಟ್ಟಿಯನ್ನು ನಾವು ಇದೇ ಸದ್ದಿನ ಸುತ್ತ ಕಟ್ಟಿಕೊಂಡೆವು. ಬೆಳಿಗ್ಗೆ ಮಾರ್ಕೆಟ್ಟು, ಇಲ್ಲವೇ ಒಂದು ಊರು. ಹನ್ನೆರಡರಿಂದ ಎರಡರ ಒಳಗೆ ಕೂತು ಪೂರ್ತಿ ಊಟ. ಸಂಜೆ ಸಮುದ್ರ. ರಾತ್ರಿ ಮನೆಯಲ್ಲೇ ಏನಾದರೂ ಹಗುರಾಗಿ. ದಕ್ಷಿಣ ಫ್ರಾನ್ಸಿನ ಕರಾವಳಿಗೆ ಹೋಗುವ ನಮ್ಮವರಿಗೆ ನಾನು ಹೇಳುವುದೂ ಇದನ್ನೇ. ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿ, ಮೊದಲು ಮಧ್ಯಾಹ್ನದ ಊಟದ ಜಾಗ ಗಟ್ಟಿ ಮಾಡಿಕೊಳ್ಳಿ. ಎರಡು ಗಂಟೆ ದಾಟಿದರೆ ತುಂಬಾ ಹೋಟೆಲುಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ. ಮತ್ತೆ ಬಿಸಿ ಊಟ ಸಿಗಬೇಕಾದರೆ ರಾತ್ರಿ ಏಳರವರೆಗೆ ಕಾಯಬೇಕು. ಮೂರು ಗಂಟೆಗೆ ಹಸಿದುಕೊಂಡು ಬಿಸಿಲಲ್ಲಿ ಬೀದಿ ಸುತ್ತುವುದು ಯಾರಿಗೆ ಬೇಕು ಅಲ್ವಾ?

ನಮ್ಮ ಗುಂಪಿನ ಬಗ್ಗೆ ಒಂದು ಮಾತು. ನಾನು ಕುಂದಾಪುರದ ಕಡೆಯವಳು, ಮೀನು ಸಿಕ್ಕರೆ ಬೇರೇನೂ ಬೇಡ. ನಮ್ಮನೆಯವರು ಮೊಟ್ಟೆ ತಿನ್ನುತ್ತಾರೆ, ಮೀನು ಮಾಂಸ ಮುಟ್ಟುವುದಿಲ್ಲ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೇಲಾಗಿ ಅವರಿಗೆ ಮಂಡಿ ನೋವು. ಈ ಮೂವರಿಗೂ ಹೊಟ್ಟೆ ತುಂಬಬೇಕು, ಯಾರಿಗೂ ಕಾಲು ಸೋಲಬಾರದು. ಅದಕ್ಕೇ ದಿನಕ್ಕೊಂದು ಹೋಟೆಲ್ ಬದಲಾಯಿಸುವ ಯೋಚನೆ ಬಿಟ್ಟು, ನೀಸ್‌ನ ಹಳೇ ಪೇಟೆಯ ಹತ್ತಿರ ಅಡುಗೆಮನೆ ಇರುವ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದೆವು. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಮನೆಯಿಂದ ಸಾರಿನ ಪುಡಿ, ಚಟ್ನಿ ಪುಡಿ, ಸ್ವಲ್ಪ ಹುಣಸೆಹಣ್ಣು ಒಯ್ದಿದ್ದೆವು. ಯುರೋಪಿನೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪವೂ ಹಾಲಿನ ಲೆಕ್ಕಕ್ಕೇ ಬರುತ್ತದೆ. ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಬಿಡಿ, ಅಲ್ಲಿಯ ಬೆಣ್ಣೆ ತಂದು ಕಾಯಿಸಿಕೊಂಡರೆ ಘಮಘಮಿಸುವ ತುಪ್ಪ ಆಗುತ್ತದೆ.

ಹೋಗಿದ್ದು ಸೆಪ್ಟೆಂಬರಿನಲ್ಲಿ. ಫ್ರಾನ್ಸಿನ ಶಾಲೆಗಳು ಆ ತಿಂಗಳ ಮೊದಲ ದಿನಗಳಲ್ಲೇ ಶುರುವಾಗುತ್ತವೆ, ಆಗಸ್ಟಿನ ನೂಕುನುಗ್ಗಲು ಕರಗುತ್ತದೆ. ಬೇಸಿಗೆಯೆಲ್ಲ ಕಾದ ಸಮುದ್ರದ ನೀರು ಮಾತ್ರ ಬೆಚ್ಚಗೇ ಇರುತ್ತದೆ. ಮಾರ್ಕೆಟ್ಟಿನಲ್ಲಿ ಅಂಜೂರ, ದ್ರಾಕ್ಷಿ, ಟೊಮೆಟೊ ರಾಶಿ ರಾಶಿ.

ಆ ಮಾರ್ಕೆಟ್ಟಿನ ಹೆಸರು ಕೂರ್ ಸಲೇಯಾ. ಹಳೇ ಪೇಟೆಯ ಅಂಚಿನಲ್ಲಿ, ಸಮುದ್ರಕ್ಕೆ ಒಂದು ಸಾಲು ಮನೆ ಮಾತ್ರ ಅಡ್ಡ. ಪಟ್ಟೆಪಟ್ಟೆ ಬಟ್ಟೆಯ ಚಪ್ಪರಗಳ ಕೆಳಗೆ ಒಂದು ಕಡೆ ಹೂವು, ಇನ್ನೊಂದು ಕಡೆ ತರಕಾರಿ ಹಣ್ಣು. ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ತರಕಾರಿಯವರು ಗಂಟುಮೂಟೆ ಕಟ್ಟುತ್ತಾರೆ. ಮೊದಲು ‘ಬೋಂಜೂರ್’ ಹೇಳಿ, ಆಮೇಲೆ ಕೇಳಿ. ಇದು ಸುಮ್ನೆ ಶಿಷ್ಟಾಚಾರ ಅಂದುಕೊಳ್ಳಬೇಡಿ. ನಮಸ್ಕಾರ ಹೇಳದೆ ನೇರ ರೇಟು ಕೇಳಿದರೆ ಅಲ್ಲಿ ಒರಟುತನ ಅಂತಲೇ ಲೆಕ್ಕ. ಅತ್ತೆ ಒಂದೇ ದಿನದಲ್ಲಿ ಅದನ್ನು ಕಲಿತರು. ಒಬ್ಬ ಅಜ್ಜಿ ಅವರ ಕೈಗೆ ಒಂದು ಅಂಜೂರ ಕೊಟ್ಟು ತಿನ್ನಿ ಅಂತ ಸನ್ನೆ ಮಾಡಿದರು, ನಾವು ಒಂದು ಬುಟ್ಟಿಯೇ ಕೊಂಡೆವು. ಟೊಮೆಟೊಗಳಂತೂ ಒಂದೊಂದೂ ಒಂದೊಂದು ಆಕಾರ, ಕೆಲವು ಮಡಿಕೆ ಮಡಿಕೆಯಾಗಿ ಉಬ್ಬಿರುತ್ತವೆ. ಆ ರಾತ್ರಿ ಅತ್ತೆ ಅದರಲ್ಲೇ ಸಾರು ಮಾಡಿದರು. ಹುಣಸೆಹಣ್ಣು ಬೇಕೇ ಆಗಲಿಲ್ಲ.

ಇನ್ನು ಸೊಕ್ಕಾ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಯಾಕೆಂದರೆ ನಮ್ಮಂಥ ಕುಟುಂಬಕ್ಕೆ ನೀಸ್ ಕೊಡುವ ದೊಡ್ಡ ಕಾಣಿಕೆ ಇದು. ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಷ್ಟೇ, ಮೊಟ್ಟೆ ಇಲ್ಲ, ಹಾಲಿಲ್ಲ. ಹಿಟ್ಟನ್ನು ನೀರು ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸುತ್ತಾರೆ. ಎರಡು ಕೈ ಚಾಚಿ ಹಿಡಿಯಬೇಕಾದಷ್ಟು ಅಗಲದ, ಕಲಾಯಿ ಹಾಕಿದ ತಾಮ್ರದ ತಟ್ಟೆಗೆ ಅದನ್ನು ಸುರಿದು ಸೌದೆ ಒಲೆಯ ಗೂಡಿನೊಳಗೆ ತಳ್ಳುತ್ತಾರೆ. ಬೆಂಕಿ ಜೋರಾಗಿರುವುದರಿಂದ ಕೆಲವೇ ನಿಮಿಷದಲ್ಲಿ ಮೇಲ್ಮೈ ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪಾಗುತ್ತದೆ, ಒಳಗೆ ಮಾತ್ರ ಮೆತ್ತಗೇ ಇರುತ್ತದೆ. ಹೊರಗೆಳೆದ ತಕ್ಷಣ ಗರಗರ ಕೆರೆದು ಚೂರು ಚೂರು ಮಾಡಿ ಕಾಗದದ ಮೇಲೋ ತಟ್ಟೆಗೋ ಹಾಕಿ ಕೊಡುತ್ತಾರೆ. ಮೇಲೆ ಧಾರಾಳ ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಕೈಯಲ್ಲೇ ತಿನ್ನಬೇಕು. ಅಂಚಿನ ಚೂರು ಗರಿಗರಿ, ನಡುವಿನದು ಮೃದು. ನಾನು ಅಂಚಿನ ಪಕ್ಷ, ಅತ್ತೆ ನಡುವಿನ ಪಕ್ಷ. ಆರಿದರೆ ರುಚಿ ಹೋಯಿತು, ಅದಕ್ಕೇ ಜನ ಹೊಸ ತಟ್ಟೆ ಹೊರಬರುವುದನ್ನು ಕಾದು ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲೇ ಬೇಯಿಸಿಟ್ಟು ಬಿಸಿ ಮಾಡಿಕೊಡುವ ಕಡೆ ಮಾತ್ರ ತೆಗೆದುಕೊಳ್ಳಬೇಡಿ. ಅದೇ ಹಿಟ್ಟನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ಉದ್ದುದ್ದ ಕತ್ತರಿಸಿ ಎಣ್ಣೆಯಲ್ಲಿ ಕರಿದರೆ ಅದು ಪಾನೀಸ್. ಅದೂ ಅತ್ತೆಯ ಪಟ್ಟಿಗೆ ಸೇರಿತು.

ನೀಸ್‌ನ ಅಡುಗೆಯಲ್ಲಿ ಕಡಲೆ, ತುಳಸಿಯ ಜಾತಿಯ ಬೇಸಿಲ್ ಸೊಪ್ಪು, ನ್ಯೋಕಿ, ರವಿಯೋಲಿಯಂಥ ಇಟಲಿಯ ತಿನಿಸು ಎಲ್ಲ ಇಷ್ಟೊಂದು ಇರುವುದಕ್ಕೆ ಕಾರಣ ಇದೆ. ಈ ಊರು ಫ್ರಾನ್ಸಿಗೆ ಸೇರಿದ್ದೇ 1860ರಲ್ಲಿ. ಅದಕ್ಕೂ ಮುಂಚೆ ನೂರಾರು ವರ್ಷ, ಆಮೇಲೆ ಇಟಲಿಯ ರಾಜರಾದ ಸವೊಯ್ ಮನೆತನದ ಕೈಯಲ್ಲಿತ್ತು. ಇಟಲಿಯನ್ನು ಒಗ್ಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ ಹುಟ್ಟಿದ್ದು ಇಲ್ಲೇ, 1807ರಲ್ಲಿ. ಇಟಲಿಯ ಜಿನೋವಾ ಕಡೆಯೂ ಸೊಕ್ಕಾದಂಥದ್ದೇ ತಿಂಡಿ ಮಾಡುತ್ತಾರೆ, ಅಲ್ಲಿ ಅದಕ್ಕೆ ಫರಿನಾಟಾ ಅಂತ ಹೆಸರು.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕಾದದ್ದು ಮಾಂಸಕ್ಕಿಂತ ಜಾಸ್ತಿ ಆಂಚೊವಿ ಎಂಬ ಸಣ್ಣ ಉಪ್ಪು ಮೀನಿನ ವಿಷಯದಲ್ಲಿ. ಪಿಸ್ಸಲಾಡಿಯೇರ್ ನೋಡಲು ಬರೀ ಈರುಳ್ಳಿಯ ಪಿಜ್ಜಾ ತರಹ ಇರುತ್ತದೆ. ಈರುಳ್ಳಿಯನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಾಡಿಸಿ ಜೇನಿನಷ್ಟು ಸಿಹಿ ಮಾಡಿರುತ್ತಾರೆ, ಮೇಲೆ ಕಪ್ಪು ಆಲಿವ್. ಆದರೆ ಅದರಲ್ಲಿ ಆಂಚೊವಿ ಇದ್ದೇ ಇರುತ್ತದೆ, ಕೆಲವೊಮ್ಮೆ ಅರೆದು ಬೆರೆಸಿರುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ನೀಸ್ ಸಲಾಡಿನಲ್ಲಿ, ಅದನ್ನೇ ದುಂಡನೆಯ ಬನ್ನಿಗೆ ತುಂಬಿದ ಪಾನ್ ಬಾನ್ಯಾದಲ್ಲಿ ಆಂಚೊವಿ ಇಲ್ಲವೇ ಟ್ಯೂನಾ, ಎಷ್ಟೋ ಸಲ ಎರಡೂ. ‘ಸಾನ್ ವ್ಯಾಂದ್, ಸಾನ್ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಆಂಚೊವಿಗೆ ‘ಸಾನ್ ಆಂಶ್ವಾ’ ಅಂತ ಬೇರೆಯಾಗಿಯೇ ಹೇಳಿ. ಮೊಟ್ಟೆ ಬೇಡದವರು ‘ಸಾನ್ಜ್ ಓಫ್’ ಅಂತ ಸೇರಿಸಿ. ಚೀಸ್ ವಿಷಯದಲ್ಲೂ ಕಟ್ಟುನಿಟ್ಟಾಗಿರುವವರಿಗೆ ಒಂದು ಮಾತು, ಅಲ್ಲಿಯ ಹಳೇ ಕ್ರಮದ ಚೀಸುಗಳನ್ನು ಹೆಚ್ಚಾಗಿ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ.

ನಮ್ಮನೆಯವರಿಗೆ ತುಂಬಾ ಹಿಡಿಸಿದ್ದು ಸೂಪ್ ಓ ಪಿಸ್ತೂ. ಹುರುಳಿಕಾಯಿ, ಬೀನ್ಸ್ ಕಾಳು, ಸೋರೆಯ ಜಾತಿಯ ಕೂರ್ಜೆಟ್, ಟೊಮೆಟೊ ಹಾಕಿದ ದಪ್ಪ ಸೂಪು. ಬಡಿಸುವಾಗ ಬೇಸಿಲ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಅರೆದ ಹಸಿರು ಚಟ್ನಿಯನ್ನು ಮೇಲೆ ಹಾಕುತ್ತಾರೆ. ಕೆಲವರು ಹಂದಿ ಮಾಂಸದ ಚೂರು ಹಾಕಿ ಬೇಯಿಸುತ್ತಾರೆ, ಕೇಳಿಕೊಂಡೇ ತಿನ್ನಿ. ಕೂರ್ಜೆಟ್ ಹೂವಿನ ಬಜ್ಜಿ ಸಿಕ್ಕರೆ ಬಿಡಬೇಡಿ. ಸಿಹಿಗೆ ತೂರ್ತ್ ದ ಬ್ಲೆತ್ ಅಂತ ಒಂದಿದೆ. ಸೊಪ್ಪು, ಒಣದ್ರಾಕ್ಷಿ, ಪೈನ್ ಬೀಜ, ಸಕ್ಕರೆ ಸೇರಿಸಿ ಮಾಡಿದ ಕಡುಬಿನಂಥದ್ದು, ಇದರಲ್ಲಿ ಮೊಟ್ಟೆ ಇರುತ್ತದೆ. ಸೊಪ್ಪಿನ ಸಿಹಿಯೇ ಅಂತ ಮೂಗು ಮುರಿಯಬೇಡಿ, ನಾನೂ ನಮ್ಮನೆಯವರೂ ಎರಡನೇ ಸಲ ಹುಡುಕಿಕೊಂಡು ಹೋಗಿ ತಿಂದೆವು.

ನನ್ನ ಪಾಲಿಗೆ ಸಿಕ್ಕ ಭಾಗ್ಯ ಎಸ್ತೊಕಾಫಿಕಾದಾ. ನಾರ್ವೆಯಿಂದ ಬರುವ, ಕಟ್ಟಿಗೆಯಷ್ಟು ಗಟ್ಟಿಯಾಗಿ ಒಣಗಿದ ಮೀನನ್ನು ದಿನಗಟ್ಟಲೆ ನೀರಲ್ಲಿ ನೆನೆಸಿ, ಟೊಮೆಟೊ, ದೊಣ್ಣೆಮೆಣಸು, ಆಲೂಗಡ್ಡೆ, ಆಲಿವ್ ಜೊತೆ ನಿಧಾನಕ್ಕೆ ಬೇಯಿಸುವ ಪದಾರ್ಥ. ತಾಜಾ ಮೀನು ಕಣ್ಣೆದುರೇ ಇರುವ ಕರಾವಳಿಯಲ್ಲಿ ಒಣ ಮೀನಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಘಟ್ಟದ ಮೇಲಿನವರು ಕೇಳಬಹುದು. ಮಳೆಗಾಲದಲ್ಲಿ ಒಣ ಮೀನಿನ ಮೇಲೇ ಬದುಕಿದ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವಾಸನೆ ಜೋರು, ರುಚಿ ಆಳ. ಇದು ಎಲ್ಲ ಹೋಟೆಲಿನಲ್ಲೂ ಸಿಗುವುದಿಲ್ಲ. ಊರಿನ ಅಡುಗೆಯನ್ನು ಕ್ರಮವಾಗಿ ಮಾಡುವ ಹೋಟೆಲುಗಳಿಗೆ ‘ಕ್ಯುಜೀನ್ ನಿಸ್ಸಾರ್ದ್’ ಅಂತ ಒಂದು ಮಾನ್ಯತೆಯ ಗುರುತು ಕೊಡುತ್ತಾರೆ, ಬಾಗಿಲಲ್ಲಿ ಅದನ್ನು ನೋಡಿಕೊಂಡು ಒಳಗೆ ಹೋಗಿ.

ಖರ್ಚಿನ ಲೆಕ್ಕವೂ ಮಧ್ಯಾಹ್ನದ ಊಟದ ಕಡೆಗೇ ವಾಲುತ್ತದೆ. ಆ ದಿನದ ವಿಶೇಷ ಅಂತ ಹಲಗೆಯ ಮೇಲೆ ಬರೆದಿರುವ ‘ಪ್ಲಾ ದ್ಯು ಜೂರ್’ ತಾಜಾ ಇರುತ್ತದೆ, ರಾತ್ರಿಯ ಊಟಕ್ಕಿಂತ ಅಗ್ಗ. ರೇಟಿನ ಪಟ್ಟಿ ಹೊರಗೇ ಹಾಕಿರುತ್ತಾರೆ. ‘ಕರಾಫ್ ದೋ’ ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ, ಕುಡಿಯಲು ಚೆನ್ನಾಗಿದೆ. ಬರೀ ನೀರು ಅಂದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ. ಸರ್ವಿಸ್ ಚಾರ್ಜು ರೇಟಿನಲ್ಲೇ ಸೇರಿದೆ, ಟಿಪ್ಸ್ ನಿಮ್ಮ ಖುಷಿ.

ಸುತ್ತಾಟಕ್ಕೆ ಕಾರು ಬೇಡವೇ ಬೇಡ. ಸಮುದ್ರದ ಅಂಚಿನಲ್ಲೇ ಓಡುವ ಲೋಕಲ್ ರೈಲು ಇದೆ. ಇಟಲಿ ಕಡೆಗೆ ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ, ಸುರಂಗ ದಾಟಿದಾಗಲೆಲ್ಲ ನೀಲಿ ನೀರು. ವಿಲ್‌ಫ್ರಾಂಶ್ ಹತ್ತೇ ನಿಮಿಷದ ದಾರಿ. ಅಲ್ಲಿ ಬೆಸ್ತರ ಪುಟ್ಟ ಚಾಪೆಲ್ಲಿಗೆ ಫ್ರೆಂಚ್ ಕವಿ, ಕಲಾವಿದ ಜಾನ್ ಕಾಕ್ತೋ 1957ರಲ್ಲಿ ಗೋಡೆ ತುಂಬಾ ಚಿತ್ರ ಬರೆದಿದ್ದಾರೆ. ಚಾಪೆಲ್ಲು ಸಂತ ಪೀಟರನ ಹೆಸರಿನದು, ಅವನೂ ಮೀನುಗಾರನೇ ತಾನೆ. ಮಾಂತೊನ್ ಇಟಲಿಯ ಗಡಿಯ ಹತ್ತಿರದ ನಿಂಬೆಹಣ್ಣಿನ ಊರು. ಅಲ್ಲಿ ಬಾರ್ಬಾಜುವಾನ್ ಅಂತ ಸೊಪ್ಪು, ಚೀಸ್ ತುಂಬಿ ಕರಿದ ಕಡುಬು ಸಿಗುತ್ತದೆ, ಸಮುದ್ರ ನೋಡುತ್ತಾ ತಿನ್ನಲು ಹೇಳಿ ಮಾಡಿಸಿದ ತಿಂಡಿ.

ಎಝ್ ಎಂಬ ಗುಡ್ಡದ ಹಳ್ಳಿಗೆ ಮಾತ್ರ ರೈಲಲ್ಲಿ ಹೋಗಬೇಡಿ. ಸ್ಟೇಷನ್ ಕೆಳಗೆ ಸಮುದ್ರದ ಪಕ್ಕ ಇದೆ, ಹಳ್ಳಿ ಇರುವುದು 400 ಮೀಟರಿಗೂ ಮೇಲೆ. ಹತ್ತುವ ಕಾಲುದಾರಿಗೆ ತತ್ವಜ್ಞಾನಿ ನೀತ್ಸೆಯ ಹೆಸರಿದೆ, ಗಟ್ಟಿ ಕಾಲಿನವರಿಗೂ ಗಂಟೆಗಿಂತ ಜಾಸ್ತಿ ಬೇಕು. ನೀಸ್‌ನಿಂದ ಬಸ್ಸು ನೇರ ಹಳ್ಳಿಗೇ ಬಿಡುತ್ತದೆ, ನಾವು ಅದರಲ್ಲೇ ಹೋದೆವು. ನೀಸ್‌ನ ಕೋಟೆ ಗುಡ್ಡಕ್ಕೂ ಅತ್ತೆ ಬಂದರು, ಅಲ್ಲಿಗೆ ಪುಕ್ಕಟೆ ಲಿಫ್ಟ್ ಇದೆ. ಕೋಟೆಯನ್ನು 14ನೇ ಲೂಯಿ 1706ರಲ್ಲಿ ಕೆಡವಿಸಿದ್ದಾನೆ, ಈಗ ಮರಗಳು, ಒಂದು ಕೃತಕ ಜಲಪಾತ, ಕೆಳಗೆ ಬಾಗಿದ ಕಡಲತೀರ.

ನನಗೆ ಅತ್ಯಂತ ಇಷ್ಟವಾಗಿದ್ದು ಅದೇ ಕರಾವಳಿಯ ಇನ್ನೊಂದು ಊರು ಆಂಟೀಬ್. ಬೆಳಿಗ್ಗೆ ಸೂರಿನ ಕೆಳಗಿನ ಮಾರ್ಕೆಟ್ಟು, ಅಲ್ಲಿಂದ ನಾಲ್ಕು ಹೆಜ್ಜೆಗೆ ಗ್ರಿಮಾಲ್ಡಿ ಕೋಟೆಮನೆ. 1946ರಲ್ಲಿ ಪಿಕಾಸೊ ಇಲ್ಲಿ ಕೂತು ಚಿತ್ರ ಬರೆದರು, ಈಗ ಅದು ಅವರದೇ ಮ್ಯೂಸಿಯಂ. ಯುದ್ಧ ಮುಗಿದ ಹೊಸತು, ಕ್ಯಾನ್ವಾಸಿಗೆ ಬರ. ಪ್ಲೈವುಡ್ಡು, ಸಿಮೆಂಟ್ ಶೀಟಿನ ಮೇಲೆ ದೋಣಿಗೆ ಬಳಿಯುವ ಬಣ್ಣದಲ್ಲೇ ಬರೆದುಬಿಟ್ಟರು. ಮೀನು, ಮೈತುಂಬಾ ಮುಳ್ಳಿರುವ ಕಡಲಜೀವಿ ಮುಳ್ಳುಚೆಂಡು, ಆ ಮುಳ್ಳುಚೆಂಡನ್ನು ತಿನ್ನುವ ಮನುಷ್ಯ, ಎಲ್ಲ ಆ ಮಾರ್ಕೆಟ್ಟಿನಿಂದಲೇ ಎದ್ದು ಬಂದಂತಿವೆ. ಮಾರ್ಕೆಟ್ ನೋಡಿಯೇ ಮ್ಯೂಸಿಯಂಗೆ ಹೋಗಿ, ಚಿತ್ರಗಳು ಬೇರೆಯದೇ ರೀತಿ ಕಾಣುತ್ತವೆ.

ನೀಸ್‌ನ ಕಡಲತೀರದಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು. ರಬ್ಬರ್ ಚಪ್ಪಲಿ ಹಾಕಿಕೊಂಡೇ ನೀರಿಗಿಳಿಯಿರಿ, ನಾಲ್ಕು ಹೆಜ್ಜೆಗೇ ಆಳ ಶುರು. ಮರಳು ಬೇಕಾದರೆ ಆಂಟೀಬ್ ಕಡೆ ಹೋಗಬೇಕು. ಬಾಡಿಗೆ ಕುರ್ಚಿಗಳ ನಡುನಡುವೆ ಪುಕ್ಕಟೆ ಜಾಗವೂ ಇದೆ, ಚಾಪೆ ಹಾಸಿದರೆ ಆಯಿತು.

ರಜಾ ದಿನಗಳನ್ನು ಮೊದಲೇ ನೋಡಿಕೊಳ್ಳಿ. ಸೋಮವಾರ ಕೂರ್ ಸಲೇಯಾದಲ್ಲಿ ತರಕಾರಿ ಇರುವುದಿಲ್ಲ, ಹಳೇ ಸಾಮಾನಿನ ಸಂತೆ ಸೇರುತ್ತದೆ. ಆಂಟೀಬ್‌ನ ಪಿಕಾಸೊ ಮ್ಯೂಸಿಯಂ ಕೂಡ ಅಂದು ಮುಚ್ಚಿರುತ್ತದೆ. ನೀಸ್‌ನಲ್ಲಿ ಚಿತ್ರಕಾರರಾದ ಮಾತೀಸ್, ಶಾಗಾಲ್ ಅವರ ಮ್ಯೂಸಿಯಂಗಳಿಗೆ ಮಂಗಳವಾರ ರಜೆ. ಹಾಗಾಗಿ ನಾವು ಸೋಮವಾರ ಎಝ್‌ಗೆ, ಮಂಗಳವಾರ ಆಂಟೀಬ್‌ಗೆ ಹೋದೆವು. ಫೆಬ್ರವರಿಯಲ್ಲಿ ಹೋಗುವವರಿಗೆ ಮಾಂತೊನ್‌ನ ನಿಂಬೆ ಹಬ್ಬ ಸಿಗುತ್ತದೆ. ನಿಂಬೆ, ಕಿತ್ತಳೆ ಪೋಣಿಸಿ ಮನೆಯೆತ್ತರದ ಆಕೃತಿ ಕಟ್ಟುವ ಈ ಹಬ್ಬ 1934ರಿಂದ ನಡೆದು ಬಂದಿದೆ. ನಮ್ಮನೆಯವರು ಆಗಲೇ ಅದರ ತಾರೀಖು ಹುಡುಕುತ್ತಿದ್ದಾರೆ, ಅತ್ತೆಯಂತೂ ಈ ಸಲ ಉಪ್ಪಿನಕಾಯಿ ಖಾರದ ಪುಡಿ ಒಯ್ಯೋಣ ಅಂತಿದ್ದಾರೆ.